ಕಚ್ಚುವ, ಕುಟುಕುವ ಜೀವಿಗಳ ವಿಷ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾವು, ಚೇಳು, ಜೇನಿನ ಮಾತು ಬಂದಾಗ ಊರು ಬದಲಾದರೂ ಪ್ರಶ್ನೆಗಳು ಬದಲಾಗುವುದಿಲ್ಲ. ಶಾಲೆಯ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ತೋಟದ ಬದುವಿನ ಮೇಲೆ ನಿಂತು ಆಡುವ ಹರಟೆಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿಗೆ ಹತ್ತಿರವಿಟ್ಟು ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ತೊಡಕಿನವು ಕೊನೆಗೆ. ಈಗಷ್ಟೇ ಯಾರಿಗಾದರೂ ಹಾವು ಕಚ್ಚಿದ್ದರೆ ಇದನ್ನು ಓದುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಯ ದಾರಿ ಹಿಡಿಯಿರಿ.

## ಮೊದಲ ಪ್ರಶ್ನೆಗಳು

ವಿಷ ಎಂದರೆ ನಿಜವಾಗಿ ಏನು? ಹಾವಿನ ದೇಹದಲ್ಲಿ ಅದು ಎಲ್ಲಿರುತ್ತದೆ?

ಹಾವಿನ ಬಾಯಿಯ ಗ್ರಂಥಿಗಳೇ ಲಕ್ಷಾಂತರ ವರ್ಷಗಳಲ್ಲಿ ಮಾರ್ಪಟ್ಟು ವಿಷದ ಗ್ರಂಥಿಗಳಾಗಿವೆ. ಕಣ್ಣಿನ ಹಿಂಭಾಗದಲ್ಲಿ, ಮೇಲ್ದವಡೆಯ ಎರಡೂ ಬದಿಗೆ ಅವು ಇರುತ್ತವೆ. ಅಲ್ಲಿಂದ ಸಣ್ಣ ನಾಳವೊಂದು ವಿಷದ ಹಲ್ಲಿನ ಬುಡಕ್ಕೆ ಬರುತ್ತದೆ. ನಾಗರಹಾವು ಮತ್ತು ಕಡಂಬಳಕ್ಕೆ ಈ ಹಲ್ಲು ಗಿಡ್ಡ, ಬಾಯಿಯ ಮುಂಭಾಗದಲ್ಲಿ ಕದಲದೆ ನಿಂತಿರುತ್ತದೆ. ಮಂಡಲದ ಜಾತಿಯವಕ್ಕೆ ಉದ್ದ ಹಲ್ಲು. ಬಾಯಿ ಮುಚ್ಚಿದಾಗ ಅಂಗುಳಕ್ಕೆ ಮಡಚಿಕೊಂಡಿದ್ದು, ಎರಗುವಾಗ ನೆಟ್ಟಗಾಗುತ್ತದೆ.

ಈ ದ್ರವ ಒಂದೇ ಒಂದು ವಸ್ತುವಲ್ಲ, ಹತ್ತಾರು ಬಗೆಯ ಪ್ರೋಟೀನುಗಳ ಮಿಶ್ರಣ. ಒಂದು ನರದ ಮೇಲೆ ಕೆಲಸ ಮಾಡಿದರೆ ಇನ್ನೊಂದು ರಕ್ತದ ಮೇಲೆ, ಮತ್ತೊಂದು ಮಾಂಸದ ಮೇಲೆ. ಇಲಿ ಕಪ್ಪೆಗಳನ್ನು ಕೈಕಾಲಿಲ್ಲದೆ ಹಿಡಿಯಬೇಕಾದ ಪ್ರಾಣಿಗೆ ಇದು ಊಟದ ಸಾಧನ. ಮನುಷ್ಯನನ್ನು ಕೊಲ್ಲಲೆಂದು ಹಾವು ಇದನ್ನು ಇಟ್ಟುಕೊಂಡಿಲ್ಲ. ನಾವು ಅದರ ಬಾಯಿಗೆ ಹಿಡಿಸುವ ತುತ್ತೇ ಅಲ್ಲ.

ಹಾವಿನ ವಿಷವನ್ನು ಕುಡಿದರೆ ಏನೂ ಆಗುವುದಿಲ್ಲವಂತೆ, ನಿಜವೇ?

ಅರ್ಧ ನಿಜ. ವಿಷ ಎರಡು ಬಗೆಯಲ್ಲಿ ದೇಹ ಸೇರಬಹುದು. ತಿಂದಾಗ ಅಥವಾ ಮುಟ್ಟಿದಾಗ ಸೇರುವುದು ಒಂದು ಬಗೆ: ವಿಷದ ಅಣಬೆ, ಕಾಸರಕನ ಬೀಜ, ಕಡಲಿನ ಉಬ್ಬುಮೀನು ಈ ಸಾಲಿನವು. ಪ್ರಾಣಿ ತಾನೇ ಕಚ್ಚಿ ಅಥವಾ ಚುಚ್ಚಿ ಒಳಗೆ ಹಾಯಿಸುವುದು ಎರಡನೆಯದು. ಹಾವಿನ ವಿಷದ ಪ್ರೋಟೀನುಗಳು ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ಬೇಳೆಯ ಪ್ರೋಟೀನಿನಂತೆಯೇ ಬಹುಪಾಲು ಮುರಿದುಹೋಗುತ್ತವೆ. ಆದರೆ ಒಸಡಿನಲ್ಲಿ ಗಾಯವಿದ್ದರೆ, ಹೊಟ್ಟೆಯಲ್ಲಿ ಹುಣ್ಣಿದ್ದರೆ ಅದು ನೇರ ರಕ್ತಕ್ಕೆ ಇಳಿಯುತ್ತದೆ. ಪಂದ್ಯ ಕಟ್ಟಿ ಪರೀಕ್ಷಿಸುವ ವಿಷಯವಲ್ಲ.

ಹಾವುರಾಣಿ, ಹಲ್ಲಿ, ಕೇರೆಹಾವು, ಹಸಿರುಹಾವು, ಇವುಗಳಲ್ಲಿ ಯಾವುದಕ್ಕೆ ವಿಷ?

ಹಾವುರಾಣಿಗೆ ಇಲ್ಲ. ಮನೆಯ ಹಲ್ಲಿಗೂ ಇಲ್ಲ. ಕೇರೆಗೆ ಇಲ್ಲ, ಅದರ ಬಾಲಕ್ಕಂತೂ ಇಲ್ಲವೇ ಇಲ್ಲ. ಹಸಿರುಹಾವಿಗೆ ಬಾಯಿಯ ಹಿಂಭಾಗದಲ್ಲಿ ಹಲ್ಲಿದ್ದು ಸೌಮ್ಯ ವಿಷವಿದೆ. ಅದು ಓತಿಕ್ಯಾತ, ಕಪ್ಪೆಗಳಿಗೆ ಸಾಲುತ್ತದೆ, ಮನುಷ್ಯನಿಗೆ ಹೆಚ್ಚೆಂದರೆ ಕಚ್ಚಿದ ಜಾಗ ಊದಿ ಉರಿಯುತ್ತದೆ. ಕಣ್ಣನ್ನೇ ಗುರಿಯಿಟ್ಟು ಕುಕ್ಕುತ್ತದೆ ಎಂಬುದು ಕಟ್ಟುಕಥೆ. ಮಣ್ಣುಮುಕ್ಕ ಹಾವಿಗೆ ವಿಷವೂ ಇಲ್ಲ, ಎರಡು ತಲೆಯೂ ಇಲ್ಲ. ಅದೃಷ್ಟ ತರುತ್ತದೆಂದು ಅದನ್ನು ಕದ್ದು ಮಾರುವವರಿಗೆ ಜೈಲಿನ ದಾರಿ ಮಾತ್ರ ಇದೆ.

ಹಾಗಾದರೆ ನಾವು ನಿಜವಾಗಿ ಹೆದರಬೇಕಾದ ಹಾವುಗಳು ಯಾವುವು?

ಭಾರತದಲ್ಲಿ ಹೆಚ್ಚಿನ ಸಾವಿಗೆ ಕಾರಣವಾಗುವವು ನಾಲ್ಕು: ನಾಗರಹಾವು, ಕಡಂಬಳ, ಕೊಳಕುಮಂಡಲ, ಗರಗಸಮಂಡಲ. ಕಡಂಬಳವನ್ನು ಕೆಲವು ಕಡೆ ಕಟ್ಟುಹಾವು ಎನ್ನುತ್ತಾರೆ. ನಾಲ್ಕೂ ಕರ್ನಾಟಕದಲ್ಲಿವೆ. ಗರಗಸಮಂಡಲ ಬಯಲುಸೀಮೆಯ ಕಲ್ಲುನೆಲದ್ದು. ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂಥ ಸದ್ದು ಮಾಡುತ್ತದೆ. ಕೊಳಕುಮಂಡಲ ಭತ್ತದ ಗದ್ದೆ, ತೋಟ, ಹುಲ್ಲಿನ ಬಣವೆಗಳಲ್ಲಿ ಇಲಿಯ ಬೆನ್ನು ಹತ್ತಿ ಬರುತ್ತದೆ. ಅದರ ಮೈಮೇಲಿನ ಸರಪಳಿಯಂಥ ಮಚ್ಚೆ ಕಂಡು ಹೆಬ್ಬಾವಿನ ಮರಿ ಎಂದು ಕೈ ಹಾಕಿದವರಿದ್ದಾರೆ. ಹೆಬ್ಬಾವಿನ ಮಚ್ಚೆಗಳು ಅಂಚು ಹರಿದಂತೆ ಅಡ್ಡಾದಿಡ್ಡಿ. ಮಂಡಲದವು ಅಚ್ಚು ಒತ್ತಿದಂತೆ ಸಾಲಾಗಿರುತ್ತವೆ. ಸಂದೇಹವಿದ್ದರೆ ಮಂಡಲವೆಂದೇ ತಿಳಿದು ದೂರ ಸರಿಯುವುದು ಕ್ಷೇಮ.

## ವಿಷ ಹೇಗೆ ಕೆಲಸ ಮಾಡುತ್ತದೆ

ನಾಗರಹಾವು ಕಚ್ಚಿದರೆ ಕಣ್ಣಿನ ರೆಪ್ಪೆ ಇಳಿಯುತ್ತದೆ ಎನ್ನುತ್ತಾರೆ. ಕಚ್ಚಿದ್ದು ಕಾಲಿಗೆ, ರೆಪ್ಪೆ ಏಕೆ ಇಳಿಯಬೇಕು?

ಕೈ ಎತ್ತಬೇಕು ಎಂದು ನೀವು ಅಂದುಕೊಂಡಾಗ ಮಿದುಳಿನಿಂದ ಹೊರಟ ಸೂಚನೆ ನರದ ತುದಿಗೆ ಬರುತ್ತದೆ. ನರಕ್ಕೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದು ಇದೆ. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಬಿಡುತ್ತದೆ. ಸ್ನಾಯುವಿನ ಮೇಲ್ಮೈಯಲ್ಲಿರುವ ಗ್ರಾಹಕಗಳು ಅದನ್ನು ಹಿಡಿದೊಡನೆ ಸ್ನಾಯು ಸಂಕುಚಿಸುತ್ತದೆ.

ನಾಗರಹಾವಿನ ವಿಷದ ಒಂದು ಮುಖ್ಯ ಪ್ರೋಟೀನು ಈ ಗ್ರಾಹಕಗಳ ಮೇಲೆ ಹೋಗಿ ಕೂತುಬಿಡುತ್ತದೆ. ನರ ಸರಿಯಿದೆ, ಸ್ನಾಯುವೂ ಸರಿಯಿದೆ, ನಡುವೆ ಸುದ್ದಿ ಮಾತ್ರ ದಾಟುವುದಿಲ್ಲ. ರೆಪ್ಪೆಯನ್ನು ಎತ್ತಿ ಹಿಡಿಯುವಂಥ ಸಣ್ಣ ಸ್ನಾಯುಗಳು ಮೊದಲು ಸೋಲುತ್ತವೆ. ಆಮೇಲೆ ನೋಟ ಎರಡಾಗುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳ ಸರದಿ. ಮನುಷ್ಯ ಸಾಯುವುದು ಉಸಿರು ನಿಂತು. ಆದ್ದರಿಂದಲೇ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ತಲುಪಿದರೆ, ಕೈಕಾಲು ಅಲುಗದೆ ಬಿದ್ದಿದ್ದವರೂ ಎದ್ದು ನಡೆದು ಮನೆಗೆ ಹೋಗುತ್ತಾರೆ.

ಇದೇ ವಿಷದ ಇನ್ನು ಕೆಲವು ಪ್ರೋಟೀನುಗಳು ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತವೆ. ಜೀವ ಉಳಿದರೂ ಬೆರಳು ಉಳಿಯದಿರುವುದು ಇದರಿಂದ.

ಕಡಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲವಂತೆ. ನೋವೇ ಇಲ್ಲದ ಕಡಿತದಿಂದ ಸಾವು ಹೇಗೆ?

ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಅತಿ ಮೋಸದ ಕಡಿತ ಇದೇ. ಕಡಂಬಳ ರಾತ್ರಿ ಓಡಾಡುವ ಹಾವು. ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕುತ್ತ ಮನೆಯೊಳಗೂ ಬರುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ನಿದ್ದೆಯಲ್ಲಿ ಮಗ್ಗುಲಾದಾಗ ಕಚ್ಚುತ್ತದೆ. ಹಲ್ಲು ಸೂಜಿಯಷ್ಟು ಸಣ್ಣದು. ಊತವಿಲ್ಲ, ಉರಿಯಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಶುರುವಾದರೆ ಮನೆಯವರು ರಾತ್ರಿಯ ಊಟವನ್ನು ದೂರುತ್ತಾರೆ. ರೆಪ್ಪೆ ಇಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಇದರ ವಿಷ ಸ್ನಾಯುವಿನ ಗ್ರಾಹಕಗಳನ್ನು ಮುಚ್ಚುವುದಷ್ಟೇ ಅಲ್ಲ, ನರದ ತುದಿಯನ್ನೇ ಒಳಗಿನಿಂದ ಹಾಳು ಮಾಡುತ್ತದೆ. ಹಾಳಾದ ತುದಿಯನ್ನು ಯಾವ ಔಷಧವೂ ಕೂಡಲೇ ಸರಿಪಡಿಸಲಾರದು. ಅದು ತಾನಾಗಿ ಮತ್ತೆ ಬೆಳೆಯಬೇಕು. ಹಾಗಾಗಿ ಕಡಂಬಳ ಕಚ್ಚಿದವರು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ವೆಂಟಿಲೇಟರಿನಲ್ಲಿರಬೇಕಾಗುತ್ತದೆ. ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸುವುದು ಇದಕ್ಕೆ ನನಗೆ ತಿಳಿದ ಅತ್ಯಂತ ಅಗ್ಗದ ಉಪಾಯ.

ಮಂಡಲದ ಹಾವು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ ಎಂದು ಒಬ್ಬರು, ರಕ್ತ ನಿಲ್ಲುವುದೇ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಎರಡೂ ಸರಿ, ಸ್ವಾರಸ್ಯ ಇರುವುದೇ ಅಲ್ಲಿ.

ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಹತ್ತಕ್ಕೂ ಹೆಚ್ಚು ಪ್ರೋಟೀನುಗಳು ಒಂದರ ನಂತರ ಒಂದರಂತೆ ಚುರುಕಾಗಬೇಕು. ವೈದ್ಯರು ಅವಕ್ಕೆ ರೋಮನ್ ಅಂಕಿಗಳಲ್ಲಿ ಹೆಸರಿಟ್ಟಿದ್ದಾರೆ. ಕೊಳಕುಮಂಡಲದ ವಿಷ ಈ ಸರಣಿಯ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಗಾಯವಿಲ್ಲದೆಯೇ ಎಬ್ಬಿಸಿಬಿಡುತ್ತದೆ. ಗರಗಸಮಂಡಲದ ವಿಷ ಇನ್ನೂ ಮುಂದಕ್ಕೆ ಜಿಗಿದು, ಪ್ರೋಥ್ರಾಂಬಿನ್ ಎಂಬ ಅಂಶವನ್ನೇ ನೇರವಾಗಿ ಕೆರಳಿಸುತ್ತದೆ. ರಕ್ತನಾಳಗಳೊಳಗೆ ಎಲ್ಲೆಂದರಲ್ಲಿ ಸಣ್ಣ ಸಣ್ಣ ಹೆಪ್ಪುಗಳು ಏಳುತ್ತವೆ, ಕರಗುತ್ತವೆ. ಮದುವೆಯ ಹಿಂದಿನ ದಿನವೇ ಉಗ್ರಾಣದ ಅಕ್ಕಿ ಬೇಳೆಯೆಲ್ಲ ಖರ್ಚಾದ ಮನೆಯಂತೆ ದೇಹದ ಸ್ಥಿತಿ ಆಗುತ್ತದೆ: ನಿಜವಾಗಿ ಹೆಪ್ಪು ಬೇಕಾದಾಗ ದಾಸ್ತಾನು ಬರಿದು. ಆಗ ಒಸಡಿನಿಂದ, ಮೂಗಿನಿಂದ, ಮೂತ್ರದಲ್ಲಿ ರಕ್ತ ಬರುತ್ತದೆ. ಜೊತೆಗೆ ವಿಷದ ಮತ್ತೊಂದು ಗುಂಪಿನ ಪ್ರೋಟೀನುಗಳು ಸಣ್ಣ ರಕ್ತನಾಳಗಳ ಗೋಡೆಯನ್ನೇ ಕತ್ತರಿಸುತ್ತಿರುತ್ತವೆ. ಮಿದುಳಿನಲ್ಲಿ ರಕ್ತಸ್ರಾವವಾದರೆ ಉಳಿಯುವುದು ಕಷ್ಟ.

ಕೊಳಕುಮಂಡಲದ ಇನ್ನೊಂದು ಬಲಿ ಮೂತ್ರಪಿಂಡ. ಕಚ್ಚಿದ ದಿನ ಬದುಕುಳಿದವರು ನಾಲ್ಕಾರು ದಿನಗಳಲ್ಲಿ ಮೂತ್ರ ನಿಂತು ಡಯಾಲಿಸಿಸ್‌ಗೆ ಹೋಗುವುದುಂಟು. ಊತ ಇಳಿಯಿತೆಂದು ಆಸ್ಪತ್ರೆಯಿಂದ ಹಟ ಮಾಡಿ ಹೊರಡಬಾರದು ಎನ್ನುವುದು ಇದಕ್ಕೇ.

ಹಾವು ಕಚ್ಚಿಯೂ ಏನೂ ಆಗದೆ ಉಳಿದವರು ನಮ್ಮೂರಲ್ಲೇ ಇದ್ದಾರೆ. ನಾಟಿ ಔಷಧದಿಂದ ಉಳಿದರಲ್ಲವೇ?

ಎಷ್ಟೋ ಕಡಿತಗಳು ವಿಷವಿಲ್ಲದ ಹಾವುಗಳವು. ತೋಳಹಾವು ಕಡಂಬಳದಂತೆಯೇ ಕಾಣುತ್ತದೆ, ಅದಕ್ಕೆ ವಿಷವಿಲ್ಲ. ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಬರಿ ಹಲ್ಲೂರಿ ಬಿಟ್ಟುಬಿಡುವ ಒಣ ಕಡಿತಗಳಿವೆ. ಅರೆಬರೆ ವಿಷ ಹಾಯಿಸುವುದೂ ಇದೆ. ಇಂಥವರಿಗೆ ಬೇರು ಅರೆದು ಕೊಟ್ಟರೂ, ಕಲ್ಲು ಅಂಟಿಸಿದರೂ, ಬರಿ ನೀರು ಕುಡಿಸಿದರೂ ಉಳಿಯುತ್ತಾರೆ. ಉಳಿದವರ ಕಥೆ ಊರೆಲ್ಲ ಸುತ್ತುತ್ತದೆ, ಉಳಿಯದವರ ಮನೆಯವರು ವಿಧಿ ಎಂದು ಸುಮ್ಮನಾಗುತ್ತಾರೆ. ವಿಷ ಹೀರುತ್ತದೆನ್ನುವ ಕಲ್ಲು ಚರ್ಮದ ಮೇಲಿನ ರಕ್ತ ಹೀರಬಹುದು, ಅಷ್ಟೇ. ಅಷ್ಟರಲ್ಲಿ ಪ್ರೋಟೀನುಗಳು ದುಗ್ಧನಾಳಗಳ ಮೂಲಕ ಮೈಯೊಳಗೆ ಹೊರಟಾಗಿರುತ್ತದೆ.

ನಾಟಿ ವೈದ್ಯರಲ್ಲಿ ಒಳ್ಳೆಯವರಿದ್ದಾರೆ. ರೋಗಿಯನ್ನು ಮುಟ್ಟುವ ಮುನ್ನವೇ ಆಸ್ಪತ್ರೆಗೆ ಕಳಿಸುವವರನ್ನು ನಾನು ಹಾಗೆ ಕರೆಯುತ್ತೇನೆ.

## ಕಚ್ಚಿದಾಗ

ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿದು ಕಟ್ಟಬೇಕೇ? ಗಾಯ ಕೊಯ್ದು ರಕ್ತ ಹಿಂಡಬೇಕೇ?

ಎರಡೂ ಬೇಡ. ಬಿಗಿದು ಕಟ್ಟಿದರೆ ಕೆಳಗಿನ ಭಾಗಕ್ಕೆ ರಕ್ತ ಸಂಚಾರ ನಿಲ್ಲುತ್ತದೆ. ನಾಗರ, ಮಂಡಲಗಳ ವಿಷ ಮೊದಲೇ ಮಾಂಸ ಕೊಳೆಸುವಂಥದ್ದು. ಅದನ್ನು ಒಂದೇ ಕಡೆ ಕೂಡಿಹಾಕಿದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಕಟ್ಟನ್ನು ಒಮ್ಮೆಲೇ ಬಿಚ್ಚಿದಾಗ ಕೂಡಿಟ್ಟ ವಿಷ ಒಟ್ಟಿಗೆ ಮೈಗೆ ನುಗ್ಗುತ್ತದೆ. ಆದ್ದರಿಂದ ಯಾರಾದರೂ ಆಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ವೈದ್ಯರ ಎದುರು ಬಿಚ್ಚಲಿ. ಇನ್ನು ಕೊಯ್ಯುವುದು: ಮಂಡಲ ಕಚ್ಚಿದವರ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ಮೇಲೆ ಹೇಳಿದೆ. ಅಂಥವರ ಕಾಲಿಗೆ ಬ್ಲೇಡು ಹಾಕುವುದು ಶುದ್ಧ ತಿಳಿಗೇಡಿತನ.

ಮಾಡಬೇಕಾದದ್ದು ಕಡಿಮೆ. ಉಂಗುರ, ಕಾಲ್ಬೆರಳುಂಗುರ, ಬಳೆ, ಗಡಿಯಾರ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಮುರಿದ ಮೂಳೆಗೆ ಮಾಡುವಂತೆ ಕಚ್ಚಿದ ಕೈಕಾಲಿಗೆ ಕೋಲು ಕೊಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಅಲುಗದಂತೆ ನೋಡಿಕೊಳ್ಳಿ. ನಡೆಸಬೇಡಿ, ಓಡಿಸಬೇಡಿ; ಸ್ನಾಯು ಅಲುಗಿದಷ್ಟೂ ವಿಷ ಬೇಗ ಹರಡುತ್ತದೆ. ವಾಂತಿ ಬಂದರೆ ಉಸಿರುಗಟ್ಟದಂತೆ ಎಡ ಮಗ್ಗುಲಿಗೆ ಮಲಗಿಸಿ. ಊಟ, ಮದ್ಯ ಕೊಡಬೇಡಿ. ಹೆದರಿದವರಿಗೆ ಧೈರ್ಯ ಹೇಳಿ. ಬೈಕ್ ಬಿಟ್ಟು ಬೇರೆ ವಾಹನ ಇಲ್ಲದಿದ್ದರೆ ಹಿಂದೆ ಒಬ್ಬರು ಹಿಡಿದು ಕೂತುಕೊಳ್ಳಲಿ, ತಡ ಮಾಡಬೇಡಿ.

ಹಾವನ್ನು ಹೊಡೆದು ಆಸ್ಪತ್ರೆಗೆ ತಂದರೆ ವೈದ್ಯರಿಗೆ ಅನುಕೂಲವಲ್ಲವೇ?

ಅನುಕೂಲಕ್ಕಿಂತ ಅಪಾಯ ಹೆಚ್ಚು. ಹೊಡೆಯಲು ಹೋದ ಎರಡನೆಯವರಿಗೂ ಕಚ್ಚುತ್ತದೆ. ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ವಿಷ ಬಿಡಬಲ್ಲದು. ನಮ್ಮಲ್ಲಿ ಸಿಗುವ ಪ್ರತಿವಿಷ, ಅಂದರೆ ಹಾವಿನ ವಿಷವನ್ನು ನಿಲ್ಲಿಸುವ ಇಂಜೆಕ್ಷನ್, ನಾಲ್ಕೂ ಹಾವುಗಳಿಗೆ ಒಟ್ಟಾಗಿ ಕೊಡುವಂಥದ್ದು. ಯಾವ ಹಾವು ಎಂದು ತಿಳಿಯದೆಯೂ ಲಕ್ಷಣ ನೋಡಿ ಚಿಕಿತ್ಸೆ ಆರಂಭಿಸುತ್ತಾರೆ. ದೂರದಿಂದ ಮೊಬೈಲಿನಲ್ಲಿ ಒಂದು ಚಿತ್ರ ಸಿಕ್ಕರೆ ಸಾಕು, ಸಿಗದಿದ್ದರೂ ಚಿಂತೆಯಿಲ್ಲ. ಮತ್ತೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನೆನಪೂ ಇರಲಿ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ಸುಮ್ಮನೆ ಇಟ್ಟುಬಿಟ್ಟರು. ಇಪ್ಪತ್ತು ನಿಮಿಷ ಯಾರೂ ಏನೂ ಮಾಡಲಿಲ್ಲ. ನಿರ್ಲಕ್ಷ್ಯವಲ್ಲವೇ?

ನಿರ್ಲಕ್ಷ್ಯವಲ್ಲ, ಅದೇ ಪರೀಕ್ಷೆ. ಒಣಗಿದ, ಸ್ವಚ್ಛ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಇಟ್ಟು 20 ನಿಮಿಷ ಅಲುಗಿಸದೆ ಬಿಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ಗಟ್ಟಿಯಾಗಿದ್ದರೆ ಸರಿ, ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಯಂತ್ರ ಬೇಡ, ವಿದ್ಯುತ್ ಬೇಡ. ಹೋಬಳಿಯ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು. ಆರಂಭದಲ್ಲಿ ಸರಿ ಬಂದರೂ ಮತ್ತೆ ಮತ್ತೆ ನೋಡುತ್ತಾರೆ, ಏಕೆಂದರೆ ವಿಷ ನಿಧಾನವಾಗಿ ಏರಬಹುದು.

ಹಾವಿನ ಇಂಜೆಕ್ಷನ್ ಅನ್ನು ಕುದುರೆಯಿಂದ ಮಾಡುತ್ತಾರಂತೆ, ಹೌದೇ?

ಹೌದು. ಆಸ್ಪತ್ರೆಯವರು ಎಎಸ್‌ವಿ (ಆಂಟಿ ಸ್ನೇಕ್ ವೆನಮ್) ಎನ್ನುವುದು ಈ ಪ್ರತಿವಿಷವನ್ನೇ. ಹಾವಿನ ವಿಷವನ್ನು ಅಪಾಯವಾಗದಷ್ಟು ಸಣ್ಣ ಪ್ರಮಾಣದಿಂದ ಶುರುಮಾಡಿ, ಹೆಚ್ಚಿಸುತ್ತ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ದೇಹ ಆ ವಿಷವನ್ನು ಹಿಡಿದು ನಿಲ್ಲಿಸುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅದರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಒಣಗಿಸಿ ವಯಲ್ ಎಂಬ ಸಣ್ಣ ಸೀಸೆಗಳಲ್ಲಿ ತುಂಬುತ್ತಾರೆ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ತೋರಿಸಿದ ದಾರಿ ಇದು. ಒಂದು ಹಾವಿಗೆ ಮಾಡಿದ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ ಎಂದು ಸ್ವಲ್ಪ ಕಾಲದಲ್ಲೇ ತೋರಿಸಿಕೊಟ್ಟವರು ಬ್ರೆಜಿಲಿನ ವಿಟಾಲ್ ಬ್ರಾಜಿಲ್.

ಭಾರತದಲ್ಲಿ ಇದಕ್ಕೆ ಬೇಕಾದ ವಿಷ ಬಹುಪಾಲು ಬರುವುದು ಚೆನ್ನೈ ಬಳಿಯ ವಡನೆಮ್ಮೇಲಿಯಿಂದ. ಇರುಳ ಬುಡಕಟ್ಟಿನವರ ಸಹಕಾರ ಸಂಘ ಅಲ್ಲಿ 1978ರಿಂದ ಇದೆ. ಹಾವು ಹಿಡಿಯುವುದರಲ್ಲಿ ನುರಿತ ಇರುಳರು ವಿಷ ತೆಗೆದು, ಹಾವುಗಳನ್ನು ಮತ್ತೆ ಕಾಡಿಗೆ ಬಿಡುತ್ತಾರೆ.

ಪ್ರತಿವಿಷ ಕುದುರೆಯ ಪ್ರೋಟೀನಾದ್ದರಿಂದ ಕೆಲವರಿಗೆ ಒಗ್ಗದೆ ತುರಿಕೆ, ಚಳಿನಡುಕ, ರಕ್ತದೊತ್ತಡ ಕುಸಿತ ಬರಬಹುದು. ಅಂಥ ಹೊತ್ತಿಗೆ ಬೇಕಾಗುವ ಅಡ್ರಿನಲಿನ್ ಎಂಬ ಔಷಧವನ್ನು ಕೈಯಳತೆಯಲ್ಲಿಟ್ಟುಕೊಂಡೇ ಕೊಡುತ್ತಾರೆ. ಮನೆಯಲ್ಲಿ ತಂದಿಟ್ಟುಕೊಳ್ಳಬಹುದೇ ಎಂದು ತೋಟದ ಮಾಲೀಕರು ಕೇಳುತ್ತಾರೆ. ಬೇಡ.

ನಮ್ಮ ಮಗುವಿಗೆ ಐದು ವರ್ಷ. ದೊಡ್ಡವರಿಗೆ ಕೊಟ್ಟಷ್ಟೇ ಇಂಜೆಕ್ಷನ್ ಕೊಟ್ಟರು. ಅರ್ಧ ಸಾಕಿತ್ತಲ್ಲವೇ?

ಜ್ವರದ ಔಷಧವನ್ನು ಮಗುವಿನ ತೂಕ ನೋಡಿ ಕೊಡುತ್ತಾರೆ. ಇಲ್ಲಿ ಲೆಕ್ಕ ಬೇರೆ. ಮಗುವೆಂದು ಹಾವು ಕಡಿಮೆ ವಿಷ ಬಿಟ್ಟಿರುವುದಿಲ್ಲ. ನಿಷ್ಕ್ರಿಯಗೊಳಿಸಬೇಕಾದ ವಿಷ ಅಷ್ಟೇ ಇರುವಾಗ ಪ್ರತಿವಿಷವೂ ಅಷ್ಟೇ ಬೇಕು. ನಮ್ಮಲ್ಲಿನ ಪ್ರತಿವಿಷದ ಒಂದು ಮಿಲಿಲೀಟರ್ ನಾಗರ ಅಥವಾ ಕೊಳಕುಮಂಡಲದ 0.6 ಮಿಲಿಗ್ರಾಂ, ಕಡಂಬಳ ಅಥವಾ ಗರಗಸಮಂಡಲದ 0.45 ಮಿಲಿಗ್ರಾಂ ವಿಷವನ್ನು ನಿವಾರಿಸಬೇಕೆಂಬುದು ಮಾನದಂಡ. ಒಂದು ವಯಲ್ 10 ಮಿಲಿಲೀಟರ್. ಒಂದೆರಡು ವಯಲ್ ಏಕೆ ಸಾಲದೆಂದು ಇದರಿಂದ ತಿಳಿಯುತ್ತದೆ.

ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆ? ಸರ್ಕಾರ ಏನು ಮಾಡುತ್ತಿದೆ?

2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವಿನ ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಹೆಚ್ಚಿನವು ಹಳ್ಳಿಗಳಲ್ಲಿ, ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ನಾಟಿ ಮತ್ತು ಕಳೆಯ ಕಾಲದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಕಡೆಗಣಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಒಳ್ಳೆಯ ಹೆಜ್ಜೆ: ಎಣಿಸದ ಸಾವಿಗೆ ಔಷಧದ ದಾಸ್ತಾನೂ ಬರುವುದಿಲ್ಲ. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಪ್ರಕಟಿಸಿತು.

## ಚೇಳು, ಜೇನು, ಕಡಲು

ದೊಡ್ಡ ಕರಿಚೇಳು ಹೆಚ್ಚು ಅಪಾಯವೋ, ಸಣ್ಣ ಕೆಂಪು ಚೇಳೋ?

ಕೆಂಪು ಚೇಳು. ಮುಂದೆ ದಪ್ಪ ಇಕ್ಕಳಗಳಿರುವ ಕರಿಚೇಳು ನೋಡಲು ಭಯಂಕರ, ವಿಷ ಸೌಮ್ಯ. ಸಣಕಲು ಇಕ್ಕಳದ ಕೆಂಪು ಚೇಳಿನ ವಿಷ ನರಗಳಲ್ಲಿನ ಸೋಡಿಯಂ ದ್ವಾರಗಳನ್ನು ಮುಚ್ಚಲು ಬಿಡದೆ ತೆರೆದೇ ಇಡುತ್ತದೆ. ನರಗಳು ನಿಲ್ಲದೆ ಸೂಚನೆ ಕಳಿಸುತ್ತಲೇ ಇರುತ್ತವೆ. ಮೈ ಬೆವರಿ ತೊಯ್ಯುತ್ತದೆ, ಕೈಕಾಲು ತಣ್ಣಗಾಗುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯ ದಣಿದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಕ್ಕಳಿಗೆ ಇದು ಪ್ರಾಣಾಂತಿಕ.

ಮಹಾರಾಷ್ಟ್ರದ ಮಹಾಡ್‌ನಲ್ಲಿ ವೈದ್ಯರಾಗಿದ್ದ ಹಿಮ್ಮತರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಬಳಸುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಈ ಬಿರುಗಾಳಿಯನ್ನು ತಡೆಯಬಲ್ಲದೆಂದು 1980ರ ದಶಕದಲ್ಲಿ ತೋರಿಸಿದರು. ದೊಡ್ಡ ಪ್ರಯೋಗಾಲಯವಿಲ್ಲದ ಊರಿನಲ್ಲಿ ರೋಗಿಗಳ ಪಕ್ಕ ರಾತ್ರಿಯೆಲ್ಲ ಕೂತು ಗಮನಿಸಿದ್ದರ ಫಲ ಅದು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ನುಂಗಬೇಡಿ; ರಕ್ತದೊತ್ತಡ ನೋಡುತ್ತ ಕೊಡಬೇಕಾದ ಔಷಧ ಅದು.

ಜೇನು ಕುಟುಕಿದರೆ ಒಬ್ಬರಿಗೆ ಊತ, ಇನ್ನೊಬ್ಬರಿಗೆ ಸಾವು. ಏಕೆ ಹೀಗೆ?

ಸಾವು ಎರಡು ದಾರಿಯಲ್ಲಿ ಬರುತ್ತದೆ. ಹೆಜ್ಜೇನು ಎದ್ದು ನೂರಾರು ಹುಳುಗಳು ಕುಟುಕಿದರೆ ವಿಷದ ಪ್ರಮಾಣವೇ ಕೊಲ್ಲುತ್ತದೆ. ಒಣಗಿಸಿ ತೂಗಿದರೆ ಜೇನಿನ ವಿಷದಲ್ಲಿ ಸುಮಾರು ಅರ್ಧ ಮೆಲಿಟಿನ್ ಎಂಬ ವಸ್ತು. ಅದು ಜೀವಕೋಶಗಳ ಪೊರೆಯಲ್ಲಿ ತೂತು ಕೊರೆಯುತ್ತದೆ. ಎರಡನೆಯ ದಾರಿ ಅಲರ್ಜಿ. ಹಿಂದೊಮ್ಮೆ ಕುಟುಕಿಸಿಕೊಂಡಾಗ ದೇಹ ತಪ್ಪಾಗಿ ಸಜ್ಜಾಗಿದ್ದರೆ, ಮುಂದಿನ ಸಲ ಒಂದೇ ಹುಳು ಸಾಕು: ಗಂಟಲು ಊದಿ, ರಕ್ತದೊತ್ತಡ ಕುಸಿದು ನಿಮಿಷಗಳಲ್ಲಿ ಅಪಾಯ. ಅಲ್ಲಿ ಬೇಕಾದದ್ದು ಅಡ್ರಿನಲಿನ್.

ಜೇನಿನ ಮುಳ್ಳು ಚರ್ಮದಲ್ಲಿ ಸಿಕ್ಕಿಕೊಂಡು, ವಿಷದ ಚೀಲ ಇನ್ನೂ ಮಿಡಿಯುತ್ತಿರುತ್ತದೆ. ಉಗುರಿನಿಂದಲೋ ಚಿಮಟದಿಂದಲೋ, ಹೇಗಾದರೂ ಸರಿ, ಬೇಗ ತೆಗೆಯಿರಿ. ಅಲ್ಲಿಂದ ಹೊರಡುವ ಬಾಳೆಹಣ್ಣಿನಂಥ ವಾಸನೆ ಉಳಿದ ಹುಳುಗಳಿಗೆ ದಾಳಿಯ ಕರೆ, ಹಾಗಾಗಿ ಮುಖ ಮುಚ್ಚಿಕೊಂಡು ದೂರ ಓಡುವುದೇ ಲೇಸು. ಕಣಜ, ಕಡಜಗಳ ಮುಳ್ಳು ಹೀಗೆ ಉಳಿಯುವುದಿಲ್ಲ. ಒಂದೇ ಹುಳು ಮತ್ತೆ ಮತ್ತೆ ಚುಚ್ಚಬಲ್ಲದು.

ಬಲೆ ಬಿಡಿಸುವಾಗ ತೊರಕೆ ಮೀನು ಹೊಡೆದರೆ ಏನು ಮಾಡಬೇಕು? ಕಡಲ ಹಾವಿಗೂ ಇಂಜೆಕ್ಷನ್ ಇದೆಯೇ?

ತೊರಕೆಯ ಬಾಲದ ಮುಳ್ಳಿನ ವಿಷ ಬಿಸಿಗೆ ಕೆಡುವ ಪ್ರೋಟೀನು. ಗಾಯವನ್ನು ತೊಳೆದು, ಸಹಿಸಬಹುದಾದಷ್ಟು, ಅಂದರೆ 45 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿನೀರಿನಲ್ಲಿ ಅದ್ದಿಡುವುದರಿಂದ ನೋವು ತಗ್ಗುತ್ತದೆ. ಕೆರೆಯ ಚೇಳುಮೀನಿಗೂ ಇದೇ ಉಪಚಾರ. ಮುಳ್ಳು ಹೊಟ್ಟೆ, ಎದೆಗೆ ಹೊಕ್ಕಿದ್ದರೆ ಕೀಳದೆ ಆಸ್ಪತ್ರೆಗೆ ಒಯ್ಯಿರಿ. ಹಾವು ಕಚ್ಚಿದಾಗ ಮಾತ್ರ ಬಿಸಿನೀರು ಬೇಡ. ನಮ್ಮ ಪ್ರತಿವಿಷದಲ್ಲಿ ಕಡಲ ಹಾವಿನ ಪಾಲಿಲ್ಲ. ಉಸಿರಾಟ ಮತ್ತು ಮೂತ್ರಪಿಂಡ ಕಾಯುವುದೇ ಚಿಕಿತ್ಸೆ. ಬಲೆಯಲ್ಲಿ ಸತ್ತಂತೆ ಬಿದ್ದಿರುವ ಕಡಲ ಹಾವನ್ನು ಬರಿಗೈಯಲ್ಲಿ ಎಸೆಯುವ ಅಭ್ಯಾಸ ಬಿಡಬೇಕು.

## ಇನ್ನೂ ಸ್ವಲ್ಪ ಆಳಕ್ಕೆ

ಕಾಳಿಂಗ ಸರ್ಪ ಕಚ್ಚಿದರೆ ಈ ಪ್ರತಿವಿಷ ನಾಟುತ್ತದೆಯೇ?

ನಾಲ್ಕು ಹಾವುಗಳ ಲೆಕ್ಕದಲ್ಲಿ ಕಾಳಿಂಗ ಇಲ್ಲ. ಥಾಯ್ಲೆಂಡಿನಲ್ಲಿ ಅದಕ್ಕೆಂದೇ ಪ್ರತಿವಿಷ ಮಾಡುತ್ತಾರೆ, ಆದರೆ ಅಲ್ಲಿನ ಕಾಳಿಂಗವೂ ನಮ್ಮದೂ ಒಂದಲ್ಲ. ಒಂದೇ ಪ್ರಭೇದವೆಂದುಕೊಂಡಿದ್ದ ಕಾಳಿಂಗವನ್ನು 2024ರಲ್ಲಿ ನಾಲ್ಕಾಗಿ ಬಿಡಿಸಿದರು. ಪಶ್ಚಿಮಘಟ್ಟದ್ದಕ್ಕೆ ಓಫಿಯೋಫಾಗಸ್ ಕಾಳಿಂಗ ಎಂದು ಕನ್ನಡದ ಹೆಸರೇ ಸಿಕ್ಕಿತು. ಆಗುಂಬೆಯ ಸುತ್ತಲಿನವರು ಇದಕ್ಕೆ ಹೆದರಿ ನಿದ್ದೆಗೆಡಬೇಕಿಲ್ಲ. ಅದು ಮುಖ್ಯವಾಗಿ ಹಾವು ತಿನ್ನುವ ಹಾವು. ಮನುಷ್ಯನನ್ನು ಕಚ್ಚಿದ ಪ್ರಸಂಗಗಳು ಬಹಳ ವಿರಳ.

ಕಾಫಿ ತೋಟದವರು ಯೋಚಿಸಬೇಕಾದದ್ದು ಹಂಪ್ ನೋಸ್ಡ್ ಪಿಟ್ ವೈಪರ್ ಎಂಬ, ಮೂತಿ ಮೇಲೆತ್ತಿದ ಸಣ್ಣ ಗುಳಿಮಂಡಲದ ಬಗ್ಗೆ. ತರಗೆಲೆಯಲ್ಲಿ ತರಗೆಲೆಯಾಗಿ ಬಿದ್ದಿರುತ್ತದೆ. ಅದರ ವಿಷ ರಕ್ತ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಈಗಿನ ಪ್ರತಿವಿಷ ಅದಕ್ಕೆ ಕೆಲಸ ಮಾಡುವುದಿಲ್ಲ.

ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬೇರೆಯಾಗುತ್ತದೆಯೇ?

ಆಗುತ್ತದೆ. ಆಹಾರ, ಹವೆ, ವಯಸ್ಸು, ವಂಶ ಎಲ್ಲವೂ ಮಿಶ್ರಣವನ್ನು ಬದಲಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ದೇಶದ ಬೇರೆ ಬೇರೆ ಭಾಗಗಳ ನಾಗರ, ಕಡಂಬಳ, ಮಂಡಲಗಳ ವಿಷ ಹೋಲಿಸಿ, ಒಂದೆಡೆಯ ವಿಷದಿಂದ ಮಾಡಿದ ಪ್ರತಿವಿಷ ಇನ್ನೊಂದೆಡೆ ಮಂದವಾಗುವುದನ್ನು ತೋರಿಸಿದೆ. ಹೆಚ್ಚಿನ ವಿಷ ತಮಿಳುನಾಡಿನ ಒಂದೇ ಮೂಲೆಯಿಂದ ಬರುತ್ತಿರುವಾಗ ಇದು ಸಣ್ಣ ಸಮಸ್ಯೆಯಲ್ಲ. ಆಯಾ ಪ್ರದೇಶದ ವಿಷ ಬಳಸಿ ಪ್ರತಿವಿಷ ಮಾಡಬೇಕೆಂಬ ಬೇಡಿಕೆ ನ್ಯಾಯವಾದದ್ದು.

ಮುಂಗುಸಿಗೆ ನಾಗರಹಾವಿನ ವಿಷ ಏಕೆ ಏರುವುದಿಲ್ಲ? ಯಾವುದೋ ಬೇರು ತಿನ್ನುತ್ತದಂತಲ್ಲ?

ಬೇರಿನ ಕಥೆ ಚೆನ್ನಾಗಿದೆ, ನಿಜವಲ್ಲ. ನಾಗರದ ವಿಷ ಹೋಗಿ ಕೂರುವ ಸ್ನಾಯುವಿನ ಗ್ರಾಹಕ ಮುಂಗುಸಿಯಲ್ಲಿ ಸ್ವಲ್ಪ ಬದಲಾಗಿದೆ. ಅಸಿಟೈಲ್‌ಕೋಲಿನ್‌ಗೆ ಅಲ್ಲಿ ಜಾಗವಿದೆ, ವಿಷಕ್ಕೆ ಹಿಡಿತ ಸಿಗುವುದಿಲ್ಲ. ನಾಗರಹಾವಿನ ಸ್ವಂತ ಗ್ರಾಹಕಗಳೂ ಹೀಗೆಯೇ ಬದಲಾಗಿವೆ, ಇಲ್ಲದಿದ್ದರೆ ನಾಲಿಗೆ ಕಚ್ಚಿಕೊಂಡ ದಿನವೇ ಅದರ ಕಥೆ ಮುಗಿಯುತ್ತಿತ್ತು. ಇದು ನರದ ವಿಷಕ್ಕಷ್ಟೇ ರಕ್ಷಣೆ. ಉಳಿದದ್ದಕ್ಕೆ ಮುಂಗುಸಿ ನೆಚ್ಚಿರುವುದು ತನ್ನ ಚುರುಕನ್ನು.

ವಿಷದಿಂದ ಔಷಧ ಮಾಡುತ್ತಾರೆ ಎಂಬುದು ಎಷ್ಟು ನಿಜ?

ನಿಮ್ಮ ಮನೆಯ ಹಿರಿಯರು ರಕ್ತದೊತ್ತಡಕ್ಕೆ ನುಂಗುವ ಮಾತ್ರೆಯ ಹೆಸರು "ಪ್ರಿಲ್" ಎಂದು ಮುಗಿಯುತ್ತಿದ್ದರೆ, ಅದರ ಮೂಲ ಬ್ರೆಜಿಲಿನ ಜರರಾಕಾ ಎಂಬ ಗುಳಿಮಂಡಲ. ಅದು ಕಚ್ಚಿದವರ ರಕ್ತದೊತ್ತಡ ಕುಸಿಯುವುದೇಕೆಂದು ಸೆರ್ಜಿಯೋ ಫೆರೇರಾ ಹುಡುಕುತ್ತ ಹೋದದ್ದರಿಂದ ಕ್ಯಾಪ್ಟೊಪ್ರಿಲ್ ಹುಟ್ಟಿತು. 1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಹೃದಯಾಘಾತದ ಚಿಕಿತ್ಸೆಯ ಟಿರೋಫೈಬಾನ್‌ಗೆ ನಮ್ಮದೇ ಗರಗಸಮಂಡಲದ ವಿಷದ ಒಂದು ಪ್ರೋಟೀನು ಮಾದರಿಯಾಯಿತು. ಶಂಖದ ಹುಳುವಿನ ವಿಷದಿಂದ ತೀವ್ರ ನೋವಿನ ಔಷಧವಾದ ಜಿಕೊನೊಟೈಡ್, ಗಿಲಾ ಎಂಬ ಹಲ್ಲಿಯ ಜೊಲ್ಲಿನಿಂದ ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ ಬಂದಿವೆ. ಕೊಳಕುಮಂಡಲದ ವಿಷವನ್ನು ಇಂದಿಗೂ ಪ್ರಯೋಗಾಲಯಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ಒಂದು ಪರೀಕ್ಷೆಗೆ ಬಳಸುತ್ತಾರೆ. ಆದರೆ ಇವೆಲ್ಲ ಒಂದೊಂದೇ ಅಣುವನ್ನು ಬೇರ್ಪಡಿಸಿ, ತಿದ್ದಿ, ಅಳೆದು ಮಾಡಿದವು. ನಾಗರಹಾವಿನ ವಿಷ ಬೆರೆಸಿದ ಎಣ್ಣೆ ಎಂದು ಸಂತೆಯಲ್ಲಿ ಮಾರುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕುದುರೆಯೇ ಬೇಡದ ಪ್ರತಿವಿಷ ಬರುತ್ತದೆಯೇ?

ಕೆಲಸ ನಡೆದಿದೆ. ನಾಗರ, ಕಡಂಬಳ, ಕಾಳಿಂಗಗಳಲ್ಲಿ ಸಮಾನವಾಗಿರುವ ನರವಿಷವನ್ನು ತಡೆಯುವ, ಪ್ರಯೋಗಾಲಯದಲ್ಲೇ ತಯಾರಿಸಿದ ಪ್ರತಿಕಾಯವೊಂದನ್ನು ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ತಂಡಗಳು 2024ರಲ್ಲಿ ಪ್ರಕಟಿಸಿದವು. ಅದು ಮನುಷ್ಯರ ಪ್ರತಿಕಾಯದ ಮಾದರಿಯದಾದ್ದರಿಂದ ಕುದುರೆಯ ಪ್ರೋಟೀನಿನಂತೆ ಒಗ್ಗದಿರುವ ಭಯ ಕಡಿಮೆ. 2025ರಲ್ಲಿ ಅಮೆರಿಕದ ಇನ್ನೊಂದು ತಂಡ, ವರ್ಷಗಟ್ಟಲೆ ತನ್ನ ಮೈಗೆ ತಾನೇ ಹಾವಿನ ವಿಷ ಚುಚ್ಚಿಕೊಂಡ ಒಬ್ಬನ ರಕ್ತದಿಂದ ಎರಡು ಪ್ರತಿಕಾಯಗಳನ್ನು ಹುಡುಕಿ, ವರೆಸ್ಪ್ಲಾಡಿಬ್ ಎಂಬ ಔಷಧದ ಜೊತೆ ಇಲಿಗಳ ಮೇಲೆ ಪರೀಕ್ಷಿಸಿತು. ನಾಗರ, ಕಡಂಬಳಗಳ ಕುಟುಂಬದ 19 ಪ್ರಭೇದಗಳ ವಿಷದೆದುರು ಇಲಿಗಳಿಗೆ ಪೂರ್ತಿಯಾಗಿಯೋ ಭಾಗಶಃವೋ ರಕ್ಷಣೆ ಸಿಕ್ಕಿತು. ಆ ಮನುಷ್ಯನ ಸಾಹಸವನ್ನು ಯಾರೂ ಅನುಕರಿಸಬಾರದು.

ಮಂಡಲಗಳ ಕುಟುಂಬ ಆ ಪಟ್ಟಿಯಲ್ಲಿಲ್ಲ. ಅವುಗಳ ವಿಷದಲ್ಲಿ ಕೆಲಸ ಹಂಚಿಕೊಂಡ ಪ್ರೋಟೀನುಗಳು ಹೆಚ್ಚು, ಒಂದೆರಡು ಪ್ರತಿಕಾಯಗಳಿಗೆ ಸಿಗುವಂಥವಲ್ಲ. ವರೆಸ್ಪ್ಲಾಡಿಬ್ ಅನ್ನು ಮಾತ್ರೆಯಾಗಿ ನುಂಗಬಹುದು ಎಂಬುದು ಅದರ ಆಕರ್ಷಣೆ: ಗದ್ದೆಯಲ್ಲೇ ಕೊಟ್ಟು ಆಸ್ಪತ್ರೆ ತಲುಪುವವರೆಗೆ ಸಮಯ ಗಳಿಸಬಹುದೇ ಎಂಬ ಯೋಚನೆ. ಕಡಿತಕ್ಕೊಳಗಾದ ರೋಗಿಗಳ ಮೇಲಿನ ಅದರ ಪ್ರಯೋಗಗಳು ಭಾರತದ ಆಸ್ಪತ್ರೆಗಳಲ್ಲೂ ನಡೆದಿವೆ. ಅಂಗಡಿಯಲ್ಲಿ ಅದಿನ್ನೂ ಸಿಗುವುದಿಲ್ಲ.